ಗಣಿತಜ್ಞ ಶ್ರೀನಿವಾಸ ವರಧನ್ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಅಬೆಲ್ ಪ್ರಶಸ್ತಿ ಬಂದದ್ದು ಯಾವ ಕೆಲಸಕ್ಕೆ? ಕೋಲ್ಕತ್ತದ ಪಿಎಚ್‌ಡಿಗೋ?

ಪಿಎಚ್‌ಡಿಗಲ್ಲ. 2007ರ ಅಬೆಲ್ ಪ್ರಶಸ್ತಿ ಬಂದದ್ದು ಮುಖ್ಯವಾಗಿ 'ಲಾರ್ಜ್ ಡೀವಿಯೇಷನ್ಸ್' ಸಿದ್ಧಾಂತವನ್ನು ಒಂದೇ ಚೌಕಟ್ಟಿಗೆ ತಂದದ್ದಕ್ಕೆ. ತೀರಾ ಅಪರೂಪದ ಘಟನೆಯೊಂದರ ಸಂಭವನೀಯತೆ ಎಷ್ಟು ವೇಗವಾಗಿ ಸೊನ್ನೆಯತ್ತ ಇಳಿಯುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರ ಅದು.

ವರಧನ್ ಹುಟ್ಟಿದ್ದು 1940ರ ಜನವರಿ 2ರಂದು, ಮದರಾಸಿನಲ್ಲಿ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಆನರ್ಸ್ ಮುಗಿಸಿ 1959ರಲ್ಲಿ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಹೋದದ್ದು ಕಾರ್ಖಾನೆಗಳಿಗೆ ಬೇಕಾದ ಗುಣಮಟ್ಟ ನಿಯಂತ್ರಣದ ಸಂಖ್ಯಾಶಾಸ್ತ್ರ ಕಲಿಯಲು. ಶುದ್ಧ ಗಣಿತದ ಕಡೆ ಸೆಳೆದವರು ಅಲ್ಲಿದ್ದ ಕೆ. ಆರ್. ಪಾರ್ಥಸಾರಥಿ, ರಂಗರಾವ್ ಮತ್ತು ವಿ. ಎಸ್. ವರದರಾಜನ್. ಮಾರ್ಗದರ್ಶಕರು ಸಿ. ಆರ್. ರಾವ್, ಪ್ರಬಂಧದ ಪರೀಕ್ಷಕರಲ್ಲಿ ಆಧುನಿಕ ಸಂಭವನೀಯತೆಗೆ ಬುನಾದಿ ಹಾಕಿದ ಕೊಲ್ಮೊಗೊರೊವ್ ಕೂಡ ಇದ್ದರು. ಆ ಪ್ರಬಂಧದ ವಿಷಯವೇ ಬೇರೆ: ಟೊಪೊಲಾಜಿಕಲ್ ಗ್ರೂಪ್‌ಗಳ (ಸಾಮೀಪ್ಯದ ಕಲ್ಪನೆಯೂ ಇರುವ ಬೀಜಗಣಿತದ ರಚನೆಗಳು) ಮೇಲಿನ ಸಂಭವನೀಯತಾ ಹಂಚಿಕೆಗಳು. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಂಟ್ ಇನ್‌ಸ್ಟಿಟ್ಯೂಟ್‌ಗೆ ಪೋಸ್ಟ್‌ಡಾಕ್ ಆಗಿ ಹೋದವರು ಅಲ್ಲೇ ನೆಲೆ ನಿಂತರು. 1966ರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, 1972ರ ಹೊತ್ತಿಗೆ ಪೂರ್ಣ ಪ್ರೊಫೆಸರ್. ಎರಡು ಬಾರಿ ಆ ಸಂಸ್ಥೆಯ ನಿರ್ದೇಶಕರೂ ಆದರು.

ಇನ್ನು ಕೆಲಸದ ತಿರುಳಿಗೆ ಬರೋಣ. ಸರಿಯಾದ ನಾಣ್ಯವನ್ನು 1000 ಸಲ ಚಿಮ್ಮಿದಾಗ 900 ಅಥವಾ ಹೆಚ್ಚು ಸಲ ಹೆಡ್ ಬೀಳುವ ಸಂಭವನೀಯತೆ ಎಷ್ಟು? ಹೆಚ್ಚಿನವರು ಕೇಂದ್ರ ಮಿತಿ ಪ್ರಮೇಯ (ಇಂಥ ಮೊತ್ತಗಳ ಹಂಚಿಕೆ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ ಎನ್ನುವುದು) ಹಿಡಿದು, ಗಂಟೆಯಾಕಾರದ ವಕ್ರರೇಖೆಯ ಬಾಲದಲ್ಲಿ ಉತ್ತರ ಹುಡುಕುತ್ತಾರೆ. ಎಡವುವುದೇ ಅಲ್ಲಿ. ಆ ಪ್ರಮೇಯ ಖಾತ್ರಿ ಕೊಡುವುದು ಸರಾಸರಿಯ ಆಸುಪಾಸಿಗೆ, ಇಲ್ಲಿ 500ರಿಂದ ಕೆಲವು ಹತ್ತುಗಳಷ್ಟು ದೂರದವರೆಗೆ ಮಾತ್ರ. ಬಾಲದ ತುದಿಯಲ್ಲಿ ಸಂಭವನೀಯತೆ ಪ್ರತಿ ಚಿಮ್ಮುವಿಕೆಗೆ ಒಂದು ನಿಗದಿತ ದರದಲ್ಲಿ ಘಾತೀಯವಾಗಿ ಕುಸಿಯುತ್ತದೆ. ಹೆಡ್‌ಗಳ ಪಾಲು 0.9 ಆದಾಗ ಆ ದರ 0.9 × ಲಾಗ್ 1.8 + 0.1 × ಲಾಗ್ 0.2, ಅಂದರೆ ಸುಮಾರು 0.368 (ಲಾಗ್ ಸ್ವಾಭಾವಿಕ). ಗಂಟೆ ವಕ್ರರೇಖೆ ಕೊಡುವ ದರ 0.32. ವ್ಯತ್ಯಾಸ ಚಿಕ್ಕದೆನಿಸುತ್ತದೆ, ಆದರೆ 1000ದಿಂದ ಗುಣಿಸಿ ಘಾತಕ್ಕೇರಿಸಿದಾಗ ಎರಡು ಉತ್ತರಗಳ ನಡುವೆ 10ರ 20ನೇ ಘಾತಕ್ಕೂ ಮೀರಿದ ಪಟ್ಟು ಅಂತರ ಬೀಳುತ್ತದೆ.

ನಾಣ್ಯದಂಥ ಮೊತ್ತಗಳಿಗೆ ಈ ದರವನ್ನು ಸ್ವೀಡನ್ನಿನ ಕ್ರಾಮೆರ್ 1938ರಲ್ಲೇ ಕೊಟ್ಟಿದ್ದರು. ಅವರ ಮುಂದಿದ್ದದ್ದು ವಿಮೆಯ ಲೆಕ್ಕಗಳು. 1957ರಲ್ಲಿ ಸಾನೊವ್ ಇನ್ನೊಂದು ಬಗೆಯದನ್ನು ಸಾಧಿಸಿದರು: ಸರಾಸರಿಯಷ್ಟೇ ಅಲ್ಲ, ಕಂಡ ಬೆಲೆಗಳ ಇಡೀ ಹಂಚಿಕೆಯೇ ನಿರೀಕ್ಷೆಯಿಂದ ದೂರ ಸರಿಯುವ ದರ. ಬಿಡಿಬಿಡಿಯಾಗಿದ್ದ ಇಂಥ ಫಲಿತಾಂಶಗಳಿಗೆ 1966ರ ಲೇಖನದಲ್ಲಿ ವರಧನ್ ಒಂದೇ ವ್ಯಾಖ್ಯೆ ಕೊಟ್ಟರು: ಪ್ರತಿ ಸ್ಥಿತಿಗೂ ಕುಸಿತದ ದರ ಹೇಳುವ ಒಂದು 'ರೇಟ್ ಫಂಕ್ಷನ್', ಸಂವೃತ ಗಣಗಳಿಗೆ (ಅಂಚಿನ ಬಿಂದುಗಳೂ ಸೇರಿದವು) ಮೇಲಿನ ಮಿತಿ, ವಿವೃತ ಗಣಗಳಿಗೆ (ಅಂಚಿನ ಬಿಂದುಗಳಿಲ್ಲದವು) ಕೆಳಗಿನ ಮಿತಿ. ಜತೆಗೆ ಒಂದು ಪ್ರಮೇಯ. ಒಂದು ಕಡೆ ಎಫ್ ಎಂಬ ಫಂಕ್ಷನ್ ಘಾತೀಯವಾಗಿ ಹಿಗ್ಗಿಸುತ್ತಿದೆ, ಇನ್ನೊಂದು ಕಡೆ ಐ ಎಂಬ ದರ ಘಾತೀಯವಾಗಿ ಕುಗ್ಗಿಸುತ್ತಿದೆ ಎಂದುಕೊಳ್ಳಿ. ಒಟ್ಟು ನಿರೀಕ್ಷಿತ ಬೆಲೆ ಬೆಳೆಯುವ ದರ ಎಂದರೆ 'ಎಫ್ ಕಳೆ ಐ'ಯ ಗರಿಷ್ಠ ಬೆಲೆ. ಉಳಿದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಕಠಿಣ ಸಮಾಕಲನವೊಂದು ಹೀಗೆ ಗರಿಷ್ಠ ಹುಡುಕುವ ಲೆಕ್ಕವಾಗಿಬಿಡುತ್ತದೆ. ಇದೇ ಬಲದಿಂದ ವರಧನ್ ಮುಂದೆ ಗಣಿತಜ್ಞ ಡಾನ್ಸ್ಕರ್ ಜತೆ ಸೇರಿ, ಭೌತಶಾಸ್ತ್ರದ ಪೋಲರಾನ್ ಸಮಸ್ಯೆಯವರೆಗೂ (ಸ್ಫಟಿಕದೊಳಗೆ ಸುತ್ತಲ ಪರಮಾಣುಗಳನ್ನು ಕದಲಿಸುತ್ತ ಸಾಗುವ ಎಲೆಕ್ಟ್ರಾನಿನ ಲೆಕ್ಕ) ಹೋದರು.

ನನ್ನನ್ನು ಕೇಳಿದರೆ ಗಣಿತಜ್ಞ ಸ್ಟ್ರೂಕ್ ಜತೆಗಿನ ಕೆಲಸವೂ ಇದಕ್ಕೆ ಸರಿಸಮ. ಡಿಫ್ಯೂಷನ್ ಎಂದರೆ ಯಾದೃಚ್ಛಿಕವಾಗಿ, ಆದರೆ ಜಿಗಿಯದೆ ಅಲೆಯುವ ಚಲನೆ. ಗಣಿತಜ್ಞ ಇಟೊ ಅವರ ವಿಧಾನದಲ್ಲಿ ಅದನ್ನು ಕಟ್ಟಬೇಕಾದರೆ ಆ ಚಲನೆಯನ್ನು ನಿರ್ಧರಿಸುವ ಸಹಗುಣಕಗಳು ಸಾಮಾನ್ಯವಾಗಿ ಲಿಪ್‌ಶಿಟ್ಸ್ ಆಗಿರಬೇಕು, ಅಂದರೆ ಬದಲಾವಣೆ ದೂರಕ್ಕೆ ತಕ್ಕ ಮಿತಿ ಮೀರಬಾರದು. ಇವರಿಬ್ಬರೂ 1969ರ ಲೇಖನಗಳಲ್ಲಿ ಪ್ರಶ್ನೆಯನ್ನೇ ಬದಲಿಸಿದರು: ಪಥವನ್ನು ಕಟ್ಟುವ ಬದಲು, ಯಾವ ಸಂಭವನೀಯತಾ ನಿಯಮದಡಿ ಕೆಲವು ರಾಶಿಗಳು ಮಾರ್ಟಿಂಗೇಲ್ (ಮುಂದಿನ ನಿರೀಕ್ಷಿತ ಬೆಲೆ ಈಗಿನ ಬೆಲೆಯೇ ಆಗಿರುವಂಥವು) ಆಗುತ್ತವೆ ಎಂದು ಕೇಳಿದರು. ಆಗ ಡಿಫ್ಯೂಷನ್ ಸಹಗುಣಕ ಪರಿಮಿತ, ನಿರಂತರ ಮತ್ತು ಎಲ್ಲೂ ಸೊನ್ನೆಗಿಳಿಯದಂತಿದ್ದರೆ ಸಾಕು, ನಿಯಮ ಇದೆ ಮತ್ತು ಅದು ಒಂದೇ ಎಂದು ಸಾಧಿಸಬಹುದು.

ಓದಲು ಹೊರಟಿದ್ದರೆ ಮೊದಲು ನಾಣ್ಯಕ್ಕೆ ಕ್ರಾಮೆರ್ ಪ್ರಮೇಯವನ್ನು ಕೈಯಾರೆ ಸಾಧಿಸಿ, ಆಮೇಲೆ ಸಾನೊವ್, ಅದಾದ ಮೇಲೆ ವರಧನ್ ಪ್ರಮೇಯ. ಸಂವೃತ, ವಿವೃತ ಎಂದು ಎರಡು ಮಿತಿ ಯಾಕೆ ಎಂಬಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಡ್‌ಗಳ ಪಾಲು ನಿಖರವಾಗಿ 1/√2 ಆಗಬೇಕು ಎಂದು ಕೇಳಿ ನೋಡಿ. ಪಾಲು ಯಾವಾಗಲೂ ಭಾಗಲಬ್ಧ ಸಂಖ್ಯೆ, 1/√2 ಅಭಾಗಲಬ್ಧ. ಹಾಗಾಗಿ ಸಂಭವನೀಯತೆ ಸದಾ ಸೊನ್ನೆ. ಆದರೂ ಆ ಬಿಂದುವಿನಲ್ಲಿ ರೇಟ್ ಫಂಕ್ಷನ್ನಿನ ಬೆಲೆ ಪರಿಮಿತ. ಒಂದೇ ಬಿಂದುವಿನ ಈ ಗಣ ವಿವೃತವಲ್ಲ, ಕೆಳಗಿನ ಮಿತಿ ಇಲ್ಲಿ ನಿಲ್ಲದಿರುವುದು ಅದಕ್ಕೇ.