ತೊಗರಿ ಹೊಲದ ಮೇಲೆ ನೂರಾರು ಪಟ್ಟಿಯ ಕ್ಯಾಮೆರಾ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತೊಗರಿಗೆ ನೆಟೆ ರೋಗ ಬಂದರೆ ಗಿಡ ಬಾಡುವ ಮೊದಲೇ ಡ್ರೋನ್‌ನಿಂದ ಹಿಡಿದುಕೊಡುತ್ತೇವೆ ಎಂದು ಊರಿಗೆ ಬಂದವರು ಹೇಳುತ್ತಾರೆ. ಎಕರೆ ಲೆಕ್ಕದಲ್ಲಿ ದುಡ್ಡೂ ಕೇಳುತ್ತಾರೆ. ನಂಬಬಹುದೇ?
– ಆಳಂದ ತಾಲೂಕಿನ ರೈತರು

ಉತ್ತರ: ಅರ್ಧ ನಂಬಿ. ಗಿಡ ತೊಂದರೆಯಲ್ಲಿದೆ ಎಂದು ಕ್ಯಾಮೆರಾ ಹೇಳಬಲ್ಲದು, ರೋಗದ ಹೆಸರು ಹೇಳಲಾರದು.

ಫೋನಿನ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂಬ ಮೂರೇ ಪಾಲಾಗಿ ಅಳೆಯುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಸಾಮಾನ್ಯವಾಗಿ 400ರಿಂದ 1000 ನ್ಯಾನೊಮೀಟರ್‌ವರೆಗಿನ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳುತ್ತದೆ. ಹಸಿರೆಲೆ 670ರ ಸುತ್ತಲಿನ ಕೆಂಪು ಬೆಳಕನ್ನು ನುಂಗುತ್ತದೆ. 700 ದಾಟಿದ ಮೇಲೆ ಪ್ರತಿಫಲನ ಕಡಿದಾಗಿ ಏರುತ್ತದೆ. ಪತ್ರಹರಿತ್ತು ಕಡಿಮೆಯಾದಂತೆ ಈ ಏರು ಕೆಂಪಿನ ಕಡೆಗೆ, ಅಂದರೆ ಚಿಕ್ಕ ತರಂಗಾಂತರದ ಕಡೆಗೆ ಜರುಗುತ್ತದೆ. ಎಲೆ ಹಳದಿಯಾದದ್ದು ಕಣ್ಣಿಗೆ ಕಾಣುವ ಮುಂಚೆಯೇ ಈ ಜರುಗುವಿಕೆಯನ್ನು ಅಳೆಯಬಹುದು. ಅವರ ಮಾತಿನಲ್ಲಿ ನಿಜ ಇರುವುದು ಇಷ್ಟು.

ಆದರೆ ನೆಟೆಯ ಫ್ಯುಸೇರಿಯಂ ಶಿಲೀಂಧ್ರ ನೀರಿನ ನಾಳ ಮುಚ್ಚಿದರೂ, ಒಣ ಬೇರುಕೊಳೆ ಬಂದರೂ, ಎರೆ ಭೂಮಿಯ ತಗ್ಗಿನಲ್ಲಿ ನೀರು ನಿಂತರೂ ಎಲೆಯ ಪಾಡು ಒಂದೇ. ನಕ್ಷೆಯಲ್ಲಿ ಕೆಂಪು ಮಚ್ಚೆ ಕಂಡಲ್ಲಿಗೆ ಹೋಗಿ ಐದಾರು ಗಿಡ ಕಿತ್ತು ಕಾಂಡ ಸೀಳಿ ನೋಡಿ. ಒಳಗೆ ಕಂದು-ಕಪ್ಪು ಗೆರೆಗಳಿದ್ದರೆ ನೆಟೆ. ಬೇರು ಕೊಳೆತು ತೊಗಟೆ ಸುಲಿದು ಬಂದರೆ ಬೇರುಕೊಳೆ. ಎರಡೂ ಇಲ್ಲದಿದ್ದರೆ ಮಣ್ಣಿನ ತೇವ ನೋಡಿ. ಗೊಡ್ಡು ರೋಗದ್ದು ಬೇರೆಯೇ ಬಲೆ: ಆ ಗಿಡ ಹೂ ಬಿಡದೆ ಪೊದೆಯಾಗಿ ಹಸಿರಾಗಿಯೇ ಉಳಿಯುವುದರಿಂದ, ಎಲೆಯ ಹಸಿರು ಎಷ್ಟು ದಟ್ಟವಿದೆ ಎಂದು ತೋರಿಸುವ ಎನ್‌ಡಿವಿಐ ನಕ್ಷೆಯಲ್ಲಿ ಗಟ್ಟಿ ಗಿಡದಂತೆ ಕಾಣಬಹುದು. ಅತ್ತ ಹೂ ತುಂಬಿದ ಒಳ್ಳೆಯ ಗಿಡದ ಹಳದಿ, ರೋಗದ ಹಳದಿಯೊಂದಿಗೆ ಬೆರೆಯುತ್ತದೆ. ಹಾಗಾಗಿ ಮೊದಲ ಹಾರಾಟ ಹೂವಿಗೆ ಮುಂಚೆಯೇ ಆಗಲಿ.

ದುಡ್ಡು ಕೊಡುವ ಮುನ್ನ ಒಂದು ಮಾತು ಕೇಳಿ: ನಕ್ಷೆ ಕೊಟ್ಟ ಮೇಲೆ ಹೊಲಕ್ಕೆ ಇಳಿಯುವವರು ಯಾರು? ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಒಂದೇ ಹೊಲವನ್ನು ಒಂದೇ ವಾರದಲ್ಲಿ ಎರಡು ಸಲ ಹಾರಿಸಿದೆವು. ಎರಡನೆಯ ಸಲ ಎಲ್ಲ ಪಟ್ಟಿಗಳಲ್ಲೂ ಪ್ರತಿಫಲನ ಹೆಚ್ಚು ಬಂತು. ಬೆಳೆ ಅಷ್ಟು ಬೇಗ ಬದಲಾಗುವುದೇ?
– ಕಲಬುರಗಿಯ ಕೃಷಿ ವಿದ್ಯಾರ್ಥಿಗಳು

ಉತ್ತರ: ಬೆಳೆ ಬದಲಾಗಿಲ್ಲ. ಬೆಳಕಿನ ಹೋಲಿಕೆಗೆಂದು ನೆಲದ ಮೇಲಿಡುವ ಬಿಳಿ ಫಲಕ ನೋಡಿ. ಎಲೆಯಿಂದ ಬಂದ ಬೆಳಕನ್ನು ಫಲಕದಿಂದ ಬಂದ ಬೆಳಕಿನಿಂದ ಭಾಗಿಸಿ ಪ್ರತಿಫಲನ ತೆಗೆಯುತ್ತೇವೆ. ಫಲಕದ ಮೇಲೆ ಧೂಳು ಕೂತರೆ ಭಾಜಕ ಚಿಕ್ಕದಾಗಿ ಇಡೀ ಹೊಲ ಬೆಳಗಿದಂತೆ ಬರುತ್ತದೆ. ಮಳೆ ನಿಂತ ಮೇಲೆ ನಮ್ಮ ಎರೆ ಹೊಲದಲ್ಲಿ ಡ್ರೋನ್ ಏರುವಾಗಿನ ಗಾಳಿಯೇ ಸಾಕು ಧೂಳೆಬ್ಬಿಸಲು; ಫಲಕವನ್ನು ಏರುವ ಜಾಗದಿಂದ ದೂರವಿಟ್ಟು, ಬಳಸದಿದ್ದಾಗ ಮುಚ್ಚಿಡಿ. ಫಲಕ ಸಮತಟ್ಟಾಗಿರಲಿ, ಪಕ್ಕದಲ್ಲಿ ನಿಂತವರ ನೆರಳೂ ಬಣ್ಣದ ಅಂಗಿಯ ಬೆಳಕೂ ಅದರ ಮೇಲೆ ಬೀಳದಿರಲಿ. ಮೋಡ ಸರಿದುಹೋದರೂ ಇದೇ ಎಡವಟ್ಟು. ಆದ್ದರಿಂದ ಹಾರಾಟದ ಮೊದಲೂ ಕೊನೆಗೂ ಫಲಕದ ಚಿತ್ರ ತೆಗೆಯಿರಿ. ಎರಡರಲ್ಲಿ ಹೆಚ್ಚು ಅಂತರವಿದ್ದರೆ ಆ ಹಾರಾಟ ಬಿಟ್ಟುಬಿಡುವುದೇ ವಾಸಿ.

ಕ್ರಮ ಹೀಗಿರಲಿ. ಕ್ಯಾಮೆರಾ ಚಾಲು ಮಾಡಿ 15–20 ನಿಮಿಷ ಬಿಸಿಯಾಗಲು ಬಿಡಿ. ಲೆನ್ಸ್ ಮುಚ್ಚಿ ಕತ್ತಲೆ ಓದು ತೆಗೆಯಿರಿ. ಫಲಕ ತೋರಿಸಿ, ಅತಿ ಹೆಚ್ಚು ಬೆಳಕಿನ ಪಟ್ಟಿ ಪೂರ್ಣ ಅಳತೆಯ 80–85 ಶೇಕಡದಲ್ಲಿ ನಿಲ್ಲುವಂತೆ ಎಕ್ಸ್‌ಪೋಷರ್ (ಬೆಳಕು ಒಳಬಿಡುವ ಅವಧಿ) ಹೊಂದಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಸಾಲು ಸಾಲಾಗಿ ಚಿತ್ರ ಕಟ್ಟುವ ಕ್ಯಾಮೆರಾದಲ್ಲಿ ವೇಗವೂ ಲೆಕ್ಕದ್ದೇ: ಪಿಕ್ಸೆಲ್ 5 ಸೆಂ.ಮೀ., ಸೆಕೆಂಡಿಗೆ 100 ಸಾಲು ಎಂದಾದರೆ ಸೆಕೆಂಡಿಗೆ 5 ಮೀಟರ್ ಮೀರಕೂಡದು, ಮೀರಿದರೆ ನಡುವೆ ನೆಲ ತಪ್ಪುತ್ತದೆ. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12:10ಕ್ಕೆ. ಅದರ ಆಚೀಚೆ ಒಂದೊಂದು ಗಂಟೆಯೊಳಗೆ ಉತ್ತರ–ದಕ್ಷಿಣವಾಗಿ ಹಾರಿಸಿದರೆ ಚಿತ್ರದ ಒಂದು ಅಂಚು ಬೆಳಕು, ಇನ್ನೊಂದು ಅಂಚು ಮಬ್ಬು ಆಗುವುದು ಕಡಿಮೆ. ಒಂದು ತಕರಾರು ಮಾತ್ರ ಉಳಿಯುತ್ತದೆ: ನೀರಡಿಸಿದ ತೊಗರಿ ಆ ಹೊತ್ತಿಗೆ ಎಲೆ ಮಡಚಿ ತಿಳಿ ಬಣ್ಣದ ಬೆನ್ನು ತೋರಿಸುತ್ತದೆ. ಅದು ರೋಗವಲ್ಲ. ಅನುಮಾನವಿದ್ದ ತುಂಡನ್ನು ಮರುದಿನ ಬೆಳಿಗ್ಗೆ ನಡೆದು ನೋಡಿ.

ಸಾಲಿನಿಂದ ಸಾಲಿಗೆ 90 ಸೆಂ.ಮೀ. ಬಿಟ್ಟ ತೊಗರಿಯಲ್ಲಿ ಮಣ್ಣಿನ ಪಿಕ್ಸೆಲ್‌ಗಳನ್ನು ಮೊದಲೇ ತೆಗೆದುಹಾಕಿ. ಒದ್ದೆ ಎರೆ ಮಣ್ಣು ಒಣ ಮಣ್ಣಿಗಿಂತ ಎಷ್ಟೋ ಕಪ್ಪು. ಅದನ್ನು ಸೇರಿಸಿ ಸರಾಸರಿ ತೆಗೆದರೆ ನೀವು ಅಳೆಯುವುದು ಮಳೆಯನ್ನು.

ಪ್ರಶ್ನೆ: ಎಲೆಯ ನೀರಿನಂಶವೂ ಇದರಲ್ಲೇ ತಿಳಿಯುವುದೇ? ಬೀದರ್ ಸುತ್ತ ಹಾರಿಸಲು ಅನುಮತಿ ಬೇಕೇ?
– ಹುಮನಾಬಾದ್‌ನ ಓದುಗರು

ಉತ್ತರ: 1000 ನ್ಯಾನೊಮೀಟರ್‌ಗೆ ನಿಲ್ಲುವ ಕ್ಯಾಮೆರಾಗೆ ನೀರಿನ ಸುಳಿವು ಸಿಗುವುದು 970ರ ಬಳಿ, ಅದೂ ಸೆನ್ಸರ್ ಸೊರಗಿರುವ ತುದಿಯಲ್ಲಿ. 1200ರ ಪಟ್ಟಿ ಬೇಕೆಂದರೆ ದುಬಾರಿಯ ಬೇರೆ ಸೆನ್ಸರ್ ಕೊಳ್ಳಬೇಕು. 1400 ಮತ್ತು 1900ರ ಸುತ್ತ ಬಿಸಿಲಿನ ಬೆಳಕನ್ನು ಗಾಳಿಯ ತೇವವೇ ನುಂಗಿರುತ್ತದೆ, ಅಲ್ಲಿ ಹುಡುಕಿ ಫಲವಿಲ್ಲ.

ಅನುಮತಿಯ ವಿಷಯ: ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. ಹಾರಿಸುವ ದಿನವೇ ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈನ ನಕ್ಷೆ ತೆರೆದು ನಿಮ್ಮ ಹೊಲ ಯಾವ ಬಣ್ಣದಲ್ಲಿದೆ ನೋಡಿ. ಹಸಿರು ವಲಯದಲ್ಲಿ 400 ಅಡಿವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ, ಅನುಮತಿ ಬೇಡ. 2021ರ ಡ್ರೋನ್ ನಿಯಮದಂತೆ, ಒಟ್ಟು ತೂಕ 2 ಕಿಲೊ ಮೀರಿದರೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಇರಲೇಬೇಕು.

ಪ್ರಶ್ನೆ: ಡ್ರೋನ್ ಬದಲು ಉಪಗ್ರಹ ಸಾಲದೇ?
– ಶಹಾಪುರದ ಭತ್ತದ ಬೆಳೆಗಾರರು

ಉತ್ತರ: ಇಸ್ರೋ 2018ರಲ್ಲಿ ಹಾರಿಸಿದ ಹೈಪರ್‌ಸ್ಪೆಕ್ಟ್ರಲ್ ಉಪಗ್ರಹ ಹೈಸಿಸ್‌ನ ಒಂದು ಪಿಕ್ಸೆಲ್ 30 ಮೀಟರ್, ಎಕರೆಗೆ ನಾಲ್ಕೂವರೆ ಪಿಕ್ಸೆಲ್, ಒಡ್ಡು, ದಾರಿ, ಕಾಲುವೆ ಎಲ್ಲ ಅದರೊಳಗೇ. ಕಾಲುವೆ ಕೆಳಗಿನ ಭತ್ತ ನೂರಾರು ಎಕರೆ ಒತ್ತಾಗಿ ಇರುವಲ್ಲಿ, ಉಚಿತವಾಗಿ ಸಿಗುವ ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಚಿತ್ರ ನಿಮಗೆ ಹೆಚ್ಚು ಉಪಯೋಗ. ಅದಕ್ಕಿರುವುದು 13 ಪಟ್ಟಿಗಳಷ್ಟೇ, ಆದರೆ ಮುಖ್ಯ ಪಟ್ಟಿಗಳ ಪಿಕ್ಸೆಲ್ 10 ಮೀಟರ್, ಮೇಲೆ ಹೇಳಿದ ಕಡಿದಾದ ಏರನ್ನು ಹಿಡಿಯುವ 705 ನ್ಯಾನೊಮೀಟರ್‌ನ ಪಟ್ಟಿಯದು 20 ಮೀಟರ್. ಮುಂಗಾರಿನಲ್ಲಿ ಮೋಡವಿಲ್ಲದ ಚಿತ್ರಕ್ಕೆ ಕಾಯಬೇಕಾಗುತ್ತದೆ. ಬೇಸಿಗೆ ಭತ್ತಕ್ಕೆ ಆ ಗೋಳಿಲ್ಲ.