ಬಳ್ಳಾರಿ ಬಿಸಿಲಿನ ನಡುವೆ ಸಂಡೂರು ಬೆಟ್ಟ ಯಾಕೆ ಅಷ್ಟು ತಂಪು?

ಬಳ್ಳಾರಿ ಅಂದ್ರೆ ಬಿಸಿಲು, ಮತ್ತೆ ಸಂಡೂರು ಬೆಟ್ಟ ಹೇಗೆ ಹಸಿರಾಗಿರುತ್ತೆ, ಯಾವಾಗ ಬರಬೇಕು ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದೇ ಸಂಡೂರಲ್ಲಿ. ಸೆಪ್ಟೆಂಬರ್‌ನಲ್ಲಿ ಬನ್ನಿ.

ಮುಂಗಾರು ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದುಬಿಡುತ್ತದೆ. ಜೂನ್, ಜುಲೈನಲ್ಲಿ ನಮ್ಮ ಬಯಲಿಗೆ ಗಾಳಿಯೇ ಜಾಸ್ತಿ, ಮಳೆ ಅಷ್ಟಕ್ಕಷ್ಟೆ. ಆದರೆ ಆ ಗಾಳಿಗೆ ಈ ಬೆಟ್ಟಸಾಲು ಅಡ್ಡ ಸಿಗುತ್ತದಲ್ಲ, ಅದು ಮೇಲೇರಲೇಬೇಕು, ಏರಿದರೆ ತಣ್ಣಗಾಗುತ್ತದೆ, ಉಳಿದಿದ್ದ ತೇವವೆಲ್ಲ ಮಂಜಾಗಿ, ತುಂತುರಾಗಿ ಇಲ್ಲೇ ಇಳಿಯುತ್ತದೆ. ಬಳ್ಳಾರಿಯಲ್ಲಿ ಒಂದು ಹನಿ ಬೀಳದ ದಿನ ಕುಮಾರಸ್ವಾಮಿ ಬೆಟ್ಟದ ಘಾಟಿಯಲ್ಲಿ ಬೆಳಗ್ಗೆ ಏಳಕ್ಕೆ ಬೈಕಿನ ಲೈಟ್ ಹಾಕಿಕೊಂಡೇ ಹೋಗಿದ್ದೇನೆ, ಹುಬ್ಬಿನ ಮೇಲೆಲ್ಲ ನೀರು. ಜೋರು ಮಳೆ ಸೆಪ್ಟೆಂಬರ್‌ಗೆ ಬರುತ್ತದೆ.

ಬ್ರಿಟಿಷರಿಗೂ ಇದು ಗೊತ್ತಿತ್ತು. ಬಳ್ಳಾರಿ ದಂಡಿನ ಸೈನಿಕರು ಕಾಯಿಲೆ ಬಿದ್ದರೆ ಸುಧಾರಿಸಿಕೊಳ್ಳಲು ಇದೇ ಬೆಟ್ಟಸಾಲಿನ ಮೇಲಿರುವ ರಾಮಗಡಕ್ಕೆ ಬರುತ್ತಿದ್ದರು. ಬಳ್ಳಾರಿ ಇರುವುದು ಸುಮಾರು 1,500 ಅಡಿ ಎತ್ತರದಲ್ಲಿ, ರಾಮಗಡ 3,000 ಅಡಿಗೂ ಮೇಲೆ. ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ, ಲೆಕ್ಕ ಹಾಕಿ ನೋಡಿ.

ಅದಕ್ಕಿಂತ ಹಳೆಯದು ಕುಮಾರಸ್ವಾಮಿ ಗುಡಿ. ಅಲ್ಲಿ 10ನೇ ಶತಮಾನದ, ರಾಷ್ಟ್ರಕೂಟರ ಕಾಲದ ಶಾಸನವಿದೆ. ಇನ್ನು ಬೆಟ್ಟದ ಕಲ್ಲಿಗೆ ಸುಮಾರು 270 ಕೋಟಿ ವರ್ಷ! ಆಗಿನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಅದು. ಒಂದು ತುಂಡು ಕೈಗೆ ತಗೊಂಡರೆ ನೋಡಿದ್ದಕ್ಕಿಂತ ಭಾರ ಅನಿಸುತ್ತದೆ, ಕಪ್ಪು ಕಲ್ಲಾದರೂ ತೇಯ್ದರೆ ಇಟ್ಟಿಗೆ ಬಣ್ಣದ ಪುಡಿ ಬರುತ್ತದೆ.

ಆ ಪುಡಿಯೇ ನಮ್ಮ ಸಂಕಟ. ಗಣಿ ಲಾರಿಗಳು ಸಾಲುಗಟ್ಟಿದ್ದ ವರ್ಷಗಳಲ್ಲಿ ರಸ್ತೆಬದಿಯ ಒಂದು ಎಲೆಯೂ ಹಸಿರಾಗಿ ಕಾಣುತ್ತಿರಲಿಲ್ಲ, ಒಣಗಲು ಹಾಕಿದ ಬಟ್ಟೆ ಸಂಜೆಗೆ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಆ ಮಳೆಗಾಲ ಎಲೆಗಳು ತೊಳೆದು ಹಾಗೇ ಉಳಿದವು, ಮಾರನೇ ದಿನ ಮತ್ತೆ ಕೆಂಪಾಗಲಿಲ್ಲ. ನನಗೆ ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಮಿತಿ ಹಾಕಿ ಮತ್ತೆ ಶುರು ಮಾಡಿದರು. ಗುಡ್ಡದ ತಲೆಯನ್ನೇ ತೆಗೆದರೆ ಮೋಡಕ್ಕೆ ಅಡ್ಡ ನಿಲ್ಲೋದು ಯಾವುದು ಹೇಳಿ?

ಬಂದಾಗ ನಾರಿಹಳ್ಳ ಅನ್ನೋ ತೊರೆ ಬೆಟ್ಟವನ್ನು ಕೊರೆದುಕೊಂಡು ಹೋಗುವ ಗಂಡಿ, ಅಂದ್ರೆ ಇಕ್ಕಟ್ಟಾದ ಕಣಿವೆ, ನೋಡದೆ ಹೋಗಬೇಡಿ. ಮಳೆ ನಿಂತ ಮರುದಿನವೇ ಹೋಗಿ. ಬಿಳಿ ಬಟ್ಟೆ ಮಾತ್ರ ಬೇಡ, ಈ ಮಣ್ಣಿನ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.