ರೆಮಿಂಗ್ಟನ್ 700 ರೈಫಲ್‌ಗೆ ಯಾವ ಸ್ಕೋಪ್ ಮೌಂಟ್ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಪೆನ್ಸಿಲ್ವೇನಿಯಾದಲ್ಲಿದ್ದೀರಿ. ಜಿಂಕೆ ಬೇಟೆಗೆ ಅಂತ ರೆಮಿಂಗ್ಟನ್ 700 ಬೋಲ್ಟ್ ರೈಫಲ್ ಕೊಂಡಿದ್ದೀರಿ, 30-06 ತೋಟೆಯದ್ದು. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ.), ಕೊಳವೆ ಒಂದು ಇಂಚಿನದ್ದು. ಅಂಗಡಿಯಲ್ಲಿ 20 ಡಾಲರಿನಿಂದ 200 ಡಾಲರಿನವರೆಗೆ ಮೌಂಟ್‌ಗಳನ್ನು ತೋರಿಸಿದರು. ಯಾವುದು ತಗೊಳ್ಳಲಿ?

ಮೌಂಟ್‌ನಲ್ಲಿ ಎರಡು ಭಾಗ: ರೈಫಲ್‌ಗೆ ಸ್ಕ್ರೂ ಹಾಕಿ ಕೂರಿಸುವ ಬೇಸ್, ಸ್ಕೋಪಿನ ಕೊಳವೆಯನ್ನು ಸುತ್ತ ಹಿಡಿಯುವ ರಿಂಗ್. ಬೇಸ್ ಮತ್ತು ರಿಂಗಿನ ಕೆಳಗಿನ ಅರ್ಧ ಒಂದೇ ತುಂಡಾಗಿರುವ ಅಲ್ಯೂಮಿನಿಯಂ ರಿಂಗ್ ತಗೊಳ್ಳಿ. ಟ್ಯಾಲಿ ಕಂಪನಿಯದು ಇದರಲ್ಲಿ ಹೆಸರು ಮಾಡಿದೆ. ಹಗುರ, ಸಡಿಲಾಗುವ ಜೋಡಣೆ ಕಡಿಮೆ. ಅದು ಸಿಗದಿದ್ದರೆ ಎರಡು ತುಂಡಿನ ಉಕ್ಕಿನ ಬೇಸ್, ಅದರ ಮೇಲೆ ಒಳ್ಳೆಯ ಉಕ್ಕಿನ ರಿಂಗ್. ತೀರಾ ಅಗ್ಗದ್ದು ಬೇಡ. ಅತಿ ದುಬಾರಿಯದ್ದೂ ಬೇಕಿಲ್ಲ.

ಅಗ್ಗದ್ದು ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಎರಡು ರಿಂಗ್‌ಗಳ ನಡುವೆ ಸುಮಾರು 13 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಗುಂಡು ಹಾರಿದಾಗಿನ ಒದೆತಕ್ಕೆ ಒಂದು ರಿಂಗ್ 0.1 ಮಿ.ಮೀ. ಪಕ್ಕಕ್ಕೆ ಸರಿದರೆ, ಅಂದರೆ ಒಂದು ಹಾಳೆಯ ದಪ್ಪದಷ್ಟು, 100 ಗಜದಲ್ಲಿ ಗುಂಡು ಸುಮಾರು 7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 200 ಗಜದಲ್ಲಿ 14 ಸೆಂ.ಮೀ. ಇಲ್ಲಿನ ವೈಟ್‌ಟೇಲ್ ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಅಗಲದಲ್ಲಿ 20 ಸೆಂ.ಮೀ. ಆಸುಪಾಸು. ನಡುವಿಗೆ ಗುರಿ ಇಟ್ಟರೂ ಗುಂಡು ಹೊರಗೆ ಬೀಳುತ್ತದೆ. ಆ ಪ್ರಾಣಿ ಹೊಟ್ಟೆಗೋ ಕಾಲಿಗೋ ಏಟು ತಿಂದು ಕಾಡಿನೊಳಗೆ ಓಡಿಹೋಗಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಗೆ ಹೋಗುವವನು ಅದನ್ನು ತಡೆಯಲು ಏನೇನು ಸಾಧ್ಯವೋ ಎಲ್ಲವನ್ನೂ ಮಾಡಬೇಕು. ಸ್ಕೋಪಿಗೆ 400 ಡಾಲರ್ ಕೊಟ್ಟು ರಿಂಗಿನಲ್ಲಿ 40 ಡಾಲರ್ ಉಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ರೈಫಲ್ ವಿಷಯ. 700ರ ರಿಸೀವರ್, ಅಂದರೆ ಬೋಲ್ಟ್ ಹಿಂದೆ ಮುಂದೆ ಜಾರುವ ಲೋಹದ ಭಾಗ, ಅದರ ಮೇಲ್ಭಾಗದಲ್ಲಿ ಹಿಂದಿನ ಕಡೆ ಮುಂದಿನದಕ್ಕಿಂತ ಸ್ವಲ್ಪ ತಗ್ಗು. ಹಾಗಾಗಿ ಎರಡು ಬೇಸ್‌ಗಳ ದಪ್ಪ ಬೇರೆ ಬೇರೆ, ಅದಲು ಬದಲು ಮಾಡಬೇಡಿ. ಕೊಳ್ಳುವಾಗ ‘ರೆಮಿಂಗ್ಟನ್ 700, ಲಾಂಗ್ ಆಕ್ಷನ್’ ಅಂತಲೇ ಹೇಳಿ. ಆಕ್ಷನ್ ಅಂದರೆ ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ; 30-06 ತೋಟೆಗೆ ಉದ್ದದ ಲಾಂಗ್ ಆಕ್ಷನ್, 308 ತೋಟೆಗೆ ಶಾರ್ಟ್. ಮುಂದಿನ ಬೇಸಿನ ಸ್ಕ್ರೂಗಳ ಉದ್ದ ನೋಡಿಕೊಳ್ಳಿ. ಜಾಸ್ತಿ ಉದ್ದವಾದರೆ ತುದಿ ಒಳಗೆ ನಳಿಗೆಗೋ ಬೋಲ್ಟಿಗೋ ತಾಗಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಬೇಸ್ ಮಾತ್ರ ಸಡಿಲವಾಗೇ ಇರುತ್ತದೆ. ಬೇಸ್ ಕೂರಿಸಿದ ಮೇಲೆ ಬೋಲ್ಟ್ ಸಲೀಸಾಗಿ ಹೋಗಿಬರುತ್ತದಾ ನೋಡಿ.

ಒಂದೇ ಉದ್ದ ಪಟ್ಟಿಯ ಪಿಕಾಟಿನಿ ರೈಲ್ ಬಗ್ಗೆ ಅಂಗಡಿಯವರು ಒತ್ತಿ ಹೇಳಿರಬಹುದು. ಗಟ್ಟಿ ನಿಜ. ಆದರೆ ಅದು ತೋಟೆ ಹಾಕುವ ಬಾಯಿಯ ಮೇಲೆ ಅಡ್ಡ ಕೂರುತ್ತದೆ. ನಿಮ್ಮದು ಎಡಿಎಲ್ ಮಾದರಿಯಾದರೆ ಕೆಳಗೆ ತೆರೆಯುವ ಮುಚ್ಚಳ ಇಲ್ಲ, ಹಾಕುವುದು ತೆಗೆಯುವುದು ಎಲ್ಲ ಮೇಲಿನಿಂದಲೇ. ಡಿಸೆಂಬರ್ ಚಳಿಯಲ್ಲಿ ಗ್ಲೌಸ್ ಹಾಕಿದ ಬೆರಳು ಅಲ್ಲಿ ನುಗ್ಗುವುದು ಕಷ್ಟ. 20 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಇಳಿಜಾರಿನ ರೈಲ್ ತೀರಾ ದೂರದ ಗುರಿ ಹೊಡೆಯುವವರಿಗೆ. ನಿಮಗೆ 300 ಗಜದೊಳಗಿನ ಕೆಲಸ ಅಲ್ವಾ, ಬೇಡ. ಹಾಗೇ ಇನ್ನೊಂದು ಮಾತು: ವೀವರ್ ಅನ್ನುವುದು ಪಿಕಾಟಿನಿಯನ್ನೇ ಹೋಲುವ ಇನ್ನೊಂದು ಬಗೆ. ವೀವರ್ ರಿಂಗ್ ಪಿಕಾಟಿನಿ ರೈಲಿಗೆ ಸಾಮಾನ್ಯವಾಗಿ ಕೂರುತ್ತದೆ, ಪಿಕಾಟಿನಿ ರಿಂಗ್ ವೀವರ್ ಬೇಸಿಗೆ ಎಷ್ಟೋ ಸಲ ಕೂರುವುದಿಲ್ಲ. ರಿಂಗಿನ ಅಡ್ಡ ಸ್ಕ್ರೂ ಕೂರುವ ಕಚ್ಚು ಪಿಕಾಟಿನಿಯಲ್ಲಿ 5.23 ಮಿ.ಮೀ. ಅಗಲ, ವೀವರಿನದು ಅದಕ್ಕಿಂತ ಕಿರಿದು.

ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸ್ ಮೌಂಟ್ ನಳಿಗೆಯ ಮೇಲೆ ಗುರಿ ನೋಡಲು ಲೋಹದ ಸೈಟ್ ಇರುವ ರೈಫಲ್‌ಗೆ ಉಪಯೋಗ. ನಿಮ್ಮ ನಳಿಗೆಯ ಮೇಲೆ ಅದು ಇಲ್ಲದಿದ್ದರೆ ಸ್ಕೋಪ್ ಬಿಚ್ಚಿ ಮಾಡುವುದಾದರೂ ಏನು?

ರಿಂಗಿನ ಎತ್ತರದ ವಿಷಯಕ್ಕೆ ಜಾಸ್ತಿ ಗಮನ ಕೊಡಿ. 40 ಮಿ.ಮೀ. ಗಾಜಿಗೆ ಲೋ ಅಥವಾ ಮೀಡಿಯಂ ಸಾಕು. ಸ್ಕೋಪಿನ ಮುಂದಿನ ಗಂಟೆಯಾಕಾರದ ಭಾಗ ನಳಿಗೆಗೆ ತಾಗಬಾರದು, ಬೋಲ್ಟ್ ಹಿಡಿ ಎತ್ತಿದಾಗ ಹಿಂದಿನ ಭಾಗಕ್ಕೆ ಬಡಿಯಬಾರದು. ಇವೆರಡೂ ಸರಿಯಿದ್ದರೆ ಸಾಧ್ಯವಾದಷ್ಟು ತಗ್ಗಿಸಿ. ಊರಿನಲ್ಲಿ ತೋಟದ ಜೋಡುನಳಿಗೆ ಕೋವಿ ಹಿಡಿದು ಅಭ್ಯಾಸ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕೆನ್ನೆ ಕೋವಿಯ ಮರಕ್ಕೆ ಒತ್ತಿಯೇ ನಳಿಗೆಯ ಮೇಲೆ ಕಣ್ಣು ಹಾಯಿಸುತ್ತೇವೆ. ರಿಂಗ್ ಎತ್ತರವಾದರೆ ಕೆನ್ನೆ ಮರದಿಂದ ಮೇಲೇಳುತ್ತದೆ, ತಲೆಗೆ ಆಸರೆ ತಪ್ಪುತ್ತದೆ, ಹೊಡೆತ ಪ್ರತಿ ಸಲ ಒಂದೊಂದು ಕಡೆ. ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದರ ‘ಲೋ’ ಆಗಿರಬಹುದು. ಕೆಲವರು ರಿಂಗಿನ ನಡುವಿನವರೆಗೆ ಅಳೆಯುತ್ತಾರೆ, ಕೆಲವರು ಕೆಳ ಅಂಚಿನವರೆಗೆ. ಹೆಸರು ನೋಡಬೇಡಿ, ಅಳತೆ ಕೇಳಿ.

ಕೂರಿಸುವಾಗ ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ರಂಧ್ರ, ಸ್ಕ್ರೂ ಎರಡರ ಎಣ್ಣೆಯನ್ನೂ ಸ್ಪಿರಿಟ್ ಹಾಕಿ ಒರೆಸಿ. ಬೇಸ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ. ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ಡ್ರೈವರ್ ಒಂದು ಕೊಂಡುಕೊಳ್ಳಿ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ತುಂಬ ಕಂಪನಿಗಳು 15ರಿಂದ 18 ಇಂಚ್-ಪೌಂಡ್ ಹೇಳುತ್ತವೆ, ನಿಮ್ಮ ಡಬ್ಬಿಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸುಮ್ನೆ ಬಲ ಹಾಕಿದರೆ ಕೊಳವೆ ನಜ್ಜಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಸ್ವಲ್ಪವೇ ಬಿಗಿಸಿ, ಎರಡೂ ಕಡೆ ಸಂದು ಒಂದೇ ಸಮ ಇರಲಿ. ಕಣ್ಣಿನ ದೂರ ಹೊಂದಿಸುವಾಗ ಬೇಟೆಯ ದಪ್ಪ ಕೋಟು ತೊಟ್ಟುಕೊಳ್ಳಿ, ಸ್ಕೋಪನ್ನು 9ಕ್ಕೆ ತಿರುಗಿಸಿಡಿ. 30-06 ಚೆನ್ನಾಗಿಯೇ ಒದೆಯುತ್ತದೆ. ಹುಬ್ಬಿಗೂ ಸ್ಕೋಪಿಗೂ ನಡುವೆ 8–9 ಸೆಂ.ಮೀ. ಬಿಡಿ.

ಆಮೇಲೆ ರೇಂಜಿನಲ್ಲಿ ಮೊದಲು 25 ಗಜ, ನಂತರ 100 ಗಜ. ಒಂದು ಡಬ್ಬಿ ತೋಟೆ ಮುಗಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಮತ್ತೆ ಪರೀಕ್ಷಿಸಿ. ಮುಂದೆ ಎಂದಾದರೂ ಹೊಡೆತ ಇದ್ದಕ್ಕಿದ್ದಂತೆ ಚದುರಿದರೆ ಸ್ಕೋಪನ್ನು ಕಂಪನಿಗೆ ಕಳಿಸುವ ಮೊದಲು ಬೇಸ್ ಸ್ಕ್ರೂ ನೋಡಿ.